ಬೆಳ್ಳಾವಿಯ ಸಜ್ಜೆ ಬೂಷ್ಟು

ಮೊನ್ನೆ ತುಮಕೂರಿನ ಸದಾಶಿವನಗರದ ಮನೆಯಲ್ಲಿ ಪಲ್ಯಕ್ಕೆಂದು ಆಲೂಗಡ್ಡೆ ಬೇಯಲಿಟ್ಟಿದ್ದೆ. ಕುಕ್ಕರಿನ ಹಬೆ ಮೂಗಿಗೆ ಬಡಿದದ್ದೇ ತಡ, ಅಕ್ಕ ನೆನಪಾದರು. ಒಡಹುಟ್ಟಿದವರಲ್ಲ, ಇದೇ ಊರಿನಲ್ಲಿ ನಾನು ಸಂಶೋಧನೆಗೆ ಸೇರಿದಾಗ ಅದೇ ಪ್ರಯೋಗಾಲಯದಲ್ಲಿ ಐದನೆಯ ವರ್ಷ ನೂಕುತ್ತಿದ್ದವರು. ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಹೆಪ್ಪುಗಟ್ಟಲು ಅಗರ್ ಬೆರೆಸಿ ಅವರು ಎರ್ಗಟ್ ಸಾಕುತ್ತಿದ್ದರು. ಸಜ್ಜೆ ತೆನೆಗೆ ಹತ್ತುವ ಬೂಷ್ಟು ಅದು. ಬೆಳ್ಳಾವಿಯ ತಮ್ಮ ಹೊಲದಿಂದಲೇ ತಂದದ್ದು. ಅದರಲ್ಲಿ ಆಲ್ಕಲಾಯ್ಡ್ ಎಂಬ ಸತ್ವವಿದ್ದರೆ, ಪರೀಕ್ಷೆ ಮಾಡಿದಾಗ ರಸ ನೀಲಿಯಾಗುತ್ತದೆ.

ಮೊದಲೆರಡು ವರ್ಷ ಚೆನ್ನಾಗಿ ನೀಲಿ ಬಂದಿತ್ತಂತೆ. ಆಮೇಲೆ ಟ್ಯೂಬಿನಿಂದ ಟ್ಯೂಬಿಗೆ ದಾಟಿಸುತ್ತ ದಾಟಿಸುತ್ತ ಬೂಷ್ಟು ಸೊಂಪಾಗಿ ಬೆಳೆಯಿತು, ಆಲ್ಕಲಾಯ್ಡ್ ಕಟ್ಟುವ ಕಿಣ್ವ ಮಾತ್ರ ಮಂಕಾಯಿತು. ಮತ್ತೆ ನೀಲಿ ತೋರಿಸದೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲವೆಂದು ಗೈಡ್ ಪಟ್ಟು ಹಿಡಿದು ಕೂತರು. ಬಿಡುವಂತಿಲ್ಲ, ಮುಗಿಸುವಂತಿಲ್ಲ. ದಾಟಿಸುವ ದಿನ ಬಿತ್ತೆಂದು ಗುಬ್ಬಿಯಲ್ಲಿ ತಂಗಿಯ ಸೀಮಂತಕ್ಕೂ ಅಕ್ಕ ಹೋಗಲಿಲ್ಲ.

"ನಾನ್ ಅದುನ್ನ ಸಾಕ್ತಿಲ್ಲ ಕಣೇ, ಅದೇ ನನ್ನ ಕಟ್ಟಾಕ್ಕೊಂಡದೆ," ಎನ್ನುತ್ತಿದ್ದರು.

ಉಳಿದಿದ್ದ ಆಸೆ ಒಂದೇ. ಮೊಟ್ಟಮೊದಲ ಟ್ಯೂಬನ್ನು ಫ್ರಿಜ್ಜಿನ ಮೂಲೆಯಲ್ಲಿ ಮುಟ್ಟದೆ ಇಟ್ಟಿದ್ದರು. ಅದರಿಂದ ಹೊಸದಾಗಿ ಬೆಳೆಸಿದರೆ ನೀಲಿ ಬರಬಹುದಿತ್ತು. ನನಗದು ಗೊತ್ತಿರಲಿಲ್ಲ.

ಆಯುಧಪೂಜೆ ಬಂತು. ನನ್ನ ಚೊಕ್ಕಟದ ಬುದ್ಧಿಗಿಷ್ಟು ಬೆಂಕಿ ಹಾಕ... ಮಿಕ್ಕವರು ಮೈಕ್ರೋಸ್ಕೋಪಿಗೆ ಕುಂಕುಮ ಇಡುತ್ತಿದ್ದರೆ ನಾನು ಫ್ರಿಜ್ ಖಾಲಿ ಮಾಡಿ ತೊಳೆದೆ. ಒಣಗಿ ಹಳದಿಯಾದ, ಚೀಟಿ ಅಳಿಸಿಹೋದ ಟ್ಯೂಬುಗಳನ್ನೆಲ್ಲ ಬೂಷ್ಟು ಸಾಯಲೆಂದು ಬೇಯಿಸಿ ಎಸೆದೆ. ಬಾಗಿಲಿಗೆ ವಿಭೂತಿ ಎಳೆದು ಹೂವನ್ನೂ ಸಿಕ್ಕಿಸಿದೆ.

ವಾರದ ಮೇಲೆ ಅಕ್ಕ ಫ್ರಿಜ್ ಮುಂದೆ ಕೂತು ಒಂದೊಂದೇ ತಟ್ಟೆ ಎತ್ತಿ, "ಮೊದಲ್ನೇ ಟ್ಯೂಬು ಈ ಮೂಲೇಲೇ ಇತ್ತಲ್ಲ," ಎನ್ನುತ್ತ ಹುಡುಕಿದರು. ಹಿಂದೆ ನಿಂತಿದ್ದ ನನಗೆ ಆಗ ಅರ್ಥವಾಯಿತು. ನಾನೂ ಬಗ್ಗಿ, ಹುಡುಕುವವಳಂತೆ ತಟ್ಟೆ ಸರಿಸಿದೆ.

"ನಾನೇ ಎಲ್ಲೋ ಇಟ್ಟು ಮರ್ತಿರ್ಬೇಕು, ಬುಡು," ಎಂದು ಎದ್ದರು. ಊರಿನಿಂದ ಮತ್ತೆ ತರೋಣವೆಂದರೆ ಆ ಹೊಲಕ್ಕೆ ಆಗಲೇ ತೆಂಗಿನ ಸಸಿ ನೆಟ್ಟಾಗಿತ್ತು.

ಯುಗಾದಿಗೆ ಮುಂಚೆ ಪ್ರಬಂಧ ಕೈಬಿಟ್ಟರು. ಹೋಗುವ ದಿನ, ಬೂಷ್ಟು ದಾಟಿಸುತ್ತಿದ್ದ ತಮ್ಮ ತಂತಿಯನ್ನು ನನ್ನ ಕೈಗಿಟ್ಟು, "ಇನ್ಮೇಲೆ ಹಳೇವು ಎಸಿಯೋಕ್ ಮುಂಚೆ ಯಾರ್ದು ಅಂತ ಕೇಳು ಕಣೇ," ಎಂದರು. ಗೊತ್ತಿತ್ತು ಅವರಿಗೆ. ಆಗಲೂ ನಾನು ತಲೆ ತಗ್ಗಿಸಿ ನಿಂತೆನೇ ಹೊರತು ಒಪ್ಪಿಕೊಳ್ಳಲಿಲ್ಲ.

ಅಕ್ಕ ತೀರಿಕೊಂಡು ವರ್ಷವಾಯಿತು. ಮೊನ್ನೆ ಕುಕ್ಕರ್ ತಣ್ಣಗಾದರೂ ಮುಚ್ಚಳ ತೆಗೆಯದೆ ನಿಂತಿದ್ದೆ.

"ನಾನೇ ಎಸೆದಿದ್ದು ಅಕ್ಕ," ಎಂದೆ, ಜೋರಾಗಿಯೇ.

"ಏನ್ ಎಸೆದ್ಯಮ್ಮ?" ನಡುಮನೆಯಿಂದ ಮಗಳು ಕೇಳಿದಳು.