ಬೊಂಡಾಸಿನ ನೆಪ

ಅಪ್ಪ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ತೀರಿಕೊಂಡರು. ಮೂವತ್ತು ವರ್ಷ ಬೋಟಿನಲ್ಲಿ ಬಲೆ ಎಳೆದ ಕೈ ಕೊನೆಕೊನೆಗೆ ನೀರಿನ ಲೋಟ ಎತ್ತಲೂ ನಡುಗುತ್ತಿತ್ತು. ಆಗಲೇ ಡಾಕ್ಟರು ನನ್ನನ್ನೂ ತಂಗಿಯನ್ನೂ ಎದುರು ಕೂರಿಸಿಕೊಂಡು, ಇದು ಮಕ್ಕಳಿಗೂ ಬರಬಹುದು, ನಲವತ್ತಾಗುವಾಗ ಇಬ್ಬರೂ ಕೊಲೊನೊಸ್ಕೋಪಿ ಮಾಡಿಸಲೇಬೇಕು ಎಂದಿದ್ದರು.

ನಾನು ತಲೆಯಾಡಿಸಿ ಬಂದೆ. ನಲವತ್ತು ದಾಟಿತು, ಮಾಡಿಸಲಿಲ್ಲ. ಹೆದರಿಕೆ, ಬೇರೇನಲ್ಲ. ಹಿಂದಿನಿಂದ ಪೈಪು ಹಾಕುತ್ತಾರೆಂದಲ್ಲ, ಹಾಕಿ ನೋಡಿದ ಮೇಲೆ ಅವರು ಏನು ಹೇಳುತ್ತಾರೋ ಎಂದು.

ಆ ಹೆದರಿಕೆಗೆ ಮೊಬೈಲಿನಲ್ಲಿ ಮದ್ದು ಸಿಕ್ಕಿತು. ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ದಿನವೂ ತೆಗೆದುಕೊಂಡರೆ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಕಡಿಮೆಯಾಗಬಹುದು ಎಂದು ಯಾರೋ ಬರೆದಿದ್ದರು. ಡಾಕ್ಟರನ್ನು ಕೇಳದೆ ನುಂಗಬೇಡಿ, ಹೊಟ್ಟೆಯಲ್ಲಿ ರಕ್ತ ಒಸರಬಹುದು ಎಂದು ಕೆಳಗೆ ಬರೆದದ್ದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಬೋಟಿನಿಂದ ಮೀನು ಇಳಿಸುವ ನಮ್ಮ ಧಕ್ಕೆಯಲ್ಲಿ ನೋವಿನ ಮಾತ್ರೆ ಎಂದರೆ ಚಾ ಇದ್ದ ಹಾಗೆ. ಮೀನಿನ ಬುಟ್ಟಿ ಹೊತ್ತು ಸೊಂಟ ಹಿಡಿದವರೆಲ್ಲರ ಕಿಸೆಯಲ್ಲೂ ಇರುತ್ತದೆ. ಅಲ್ಲಿ ಮೀನು ಏಲಂ ಕೂಗುವ ನಾನೂ ದಿನಕ್ಕೆ ಎರಡು ನುಂಗತೊಡಗಿದೆ. ಉಳ್ಳಾಲಕ್ಕೆ ಮದುವೆ ಮಾಡಿಕೊಟ್ಟ ತಂಗಿಗೂ ಒಯ್ದು ಕೊಟ್ಟೆ.

“ಹಾಗಾದ್ರೆ ಆ ಪರೀಕ್ಷೆ ಎಂತ ಮಾಡುದು ಅಣ್ಣ?” ಎಂದಳು.

“ಅದೆಲ್ಲ ಬೇಡ ಮಾರಾಯ್ತಿ, ಇದೇ ಸಾಕು,” ಎಂದೆ. ದೊಡ್ಡ ಡಾಕ್ಟರು ನಾನು.

ಏಳೆಂಟು ತಿಂಗಳು ಕಳೆದು ಒಂದು ಬೆಳಿಗ್ಗೆ ಮಲ ಡಾಂಬರಿನ ಹಾಗೆ ಕಪ್ಪಗಿತ್ತು. ಅಪ್ಪನಿಗೆ ಬಂದದ್ದೇ ನನಗೂ ಬಂತು ಎಂದು ಅಲ್ಲೇ ಗೋಡೆ ಹಿಡಿದು ನಿಂತೆ. ಆಮೇಲೆ ಹಿಂದಿನ ದಿನ ಬೊಂಡಾಸು ಮೀನು ತಿಂದದ್ದು ನೆನಪಾಯಿತು. ಬೊಂಡಾಸಿನ ಹೊಟ್ಟೆಯಲ್ಲಿ ಕಪ್ಪು ಮಸಿಯ ಚೀಲವಿರುತ್ತದೆ. ಬೇರೆಯವರು ಅದನ್ನು ತೆಗೆದು ಬಿಸಾಡುತ್ತಾರೆ, ನಮ್ಮ ಮನೆಯಲ್ಲಿ ಮಸಿಯ ಸಮೇತ ಹುಳಿ ಖಾರ ಹಾಕಿ ಪುಳಿಮುಂಚಿ ಮಾಡುತ್ತಾರೆ. ತಿಂದ ಮರುದಿನ ಕಪ್ಪಾಗಿ ಹೋಗುವುದು ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಜೀವ ಬಂದ ಹಾಗಾಯಿತು.

ಮರುದಿನವೂ ಕಪ್ಪೇ. ಆ ದಿನ ಮತ್ತೆ ಬೊಂಡಾಸು ತಂದೆ. ಹೇಳಲು ನಾಚಿಕೆಯಾಗುತ್ತದೆ, ನಾಳೆ ಕಪ್ಪು ಕಂಡರೆ ಅದಕ್ಕೊಂದು ಕಾರಣ ಇರಲಿ ಎಂದೇ ತಂದೆ. ಹೀಗೆ ಒಂದು ವಾರ.

“ಎಂತ ನಿಮ್ದು ದಿನಾ ಬೊಂಡಾಸು? ಧಕ್ಕೆಯಲ್ಲಿ ಬೇರೆ ಮೀನೇ ಇಲ್ವಾ?” ಎಂದು ಹೆಂಡತಿ ರೇಗಿದಳು.

“ತಾಜಾ ಉಂಟು, ಮಾಡು ಸುಮ್ಮನೆ,” ಎಂದು ನಾನೂ ರೇಗಿದೆ.

ಎಂಟನೆಯ ದಿನ ಏಲಂ ಕೂಗುತ್ತಿದ್ದವನು ಕಣ್ಣಿಗೆ ಕತ್ತಲೆ ಬಂದು ಬಂಗುಡೆಯ ರಾಶಿಯ ಮೇಲೆ ಬಿದ್ದೆ. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ, ಕೈಗೆ ರಕ್ತ ಏರಿಸುತ್ತಿದ್ದರು. ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಒಳಗೇ ರಕ್ತ ಹೋಗಿತ್ತು, ಮಲ ಕಪ್ಪಾದದ್ದು ಆ ರಕ್ತದಿಂದ.

“ಈ ಮಾತ್ರೆ ಬರೆದುಕೊಟ್ಟದ್ದು ಯಾರು?” ಎಂದು ನನ್ನ ಕಿಸೆಯಲ್ಲಿ ಸಿಕ್ಕಿದ ಮಾತ್ರೆ ತೋರಿಸಿ ಡಾಕ್ಟರು ಕೇಳಿದರು.

“ನಾನೇ ತೆಗೊಂಡದ್ದು, ಅಪ್ಪನ ಹಾಗೆ ಕ್ಯಾನ್ಸರ್ ಬಾರದಿರ್ಲಿ ಅಂತ.”

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಕೆಲವರಿಗೆ ನಾವೂ ಕೊಡ್ತೇವೆ, ಎಲ್ಲ ನೋಡಿಕೊಂಡು. ಪರೀಕ್ಷೆಯ ಬದಲಿಗೆ ಅಲ್ಲ,” ಎಂದರು.

ಚೇತರಿಸಿಕೊಂಡ ಮೇಲೆ ಇಷ್ಟು ವರ್ಷ ತಪ್ಪಿಸಿಕೊಂಡಿದ್ದ ಕೊಲೊನೊಸ್ಕೋಪಿಯನ್ನೂ ಮಾಡಿಸಿದರು. ಕರುಳಿನಲ್ಲಿ ಎರಡು ಸಣ್ಣ ಗಂಟುಗಳಿದ್ದವು, ಆಗಲೇ ತೆಗೆದರು. ರಿಪೋರ್ಟು ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಕ್ಯಾನ್ಸರ್ ಇಲ್ಲ ಎಂದು ಬಂದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಅಲ್ಲಿಂದಲೇ ತಂಗಿಗೆ ಫೋನು ಮಾಡಿದೆ. ಮಾತ್ರೆ ಇವತ್ತೇ ನಿಲ್ಲಿಸು, ನಾಳೆಯೇ ಪರೀಕ್ಷೆಗೆ ಬಾ, ಹೆದರಬೇಡ, ನನ್ನದು ಆಯಿತು, ಏನೂ ಇಲ್ಲ ಎಂದೆ.

“ನನಗೆ ನಾಲ್ಕು ತಿಂಗಳಿಂದ ಮಲದಲ್ಲಿ ರಕ್ತ ಹೋಗ್ತಾ ಉಂಟು ಅಣ್ಣ,” ಎಂದಳು. “ನೀನು ಕೊಟ್ಟ ಮಾತ್ರೆ ತಪ್ಪದೆ ತೆಗೊಳ್ತಾ ಇದ್ದೇನಲ್ಲ, ಹಾಗಾಗಿ ಅಪ್ಪನಿಗೆ ಆದದ್ದು ಇದಾಗಿರ್ಲಿಕ್ಕಿಲ್ಲ ಅಂತ ಸುಮ್ಮನಿದ್ದೆ.”