ಪಾಟಾ ಎಣಿಸಿದ ದಿನ

ಹೋದ ವಾರ ಇಂಡಿ ಪಟ್ಟಣದ ದಾರಿಯಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಮಿಸ್ತ್ರಿಯೊಬ್ಬ ಪಾಟಾ ಬಿಚ್ಚಿ ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದ. ಪಾಟಾ ಅಂದರೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಬಾಗುಪಟ್ಟಿಗಳು. ಹಳೆಯ ಗ್ರೀಸು, ತುಕ್ಕು, ಸೀಮೆಎಣ್ಣೆ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ಡಾಕ್ಟರಬಾಯಿ ನೆನಪಾದರು...

ಅರವತ್ತರ ದಶಕದ ಮೊದಲ ವರ್ಷಗಳು. ಸಿಂದಗಿಯಲ್ಲಿ ತಾವೇ ಕಾರು ಓಡಿಸುವ ಹೆಂಗಸು ಅವರೊಬ್ಬರೇ. ಹೆರಿಗೆಗೆಂದು ಕನ್ನೊಳ್ಳಿಗೆ ಹೋಗುವಾಗ ಎರಿಮಣ್ಣಿನ ದಾರಿಯಲ್ಲಿ ಎರಡು ಸಲ ಪಾಟಾ ಮುರಿದಿತ್ತು. ಆಮೇಲೆ ಅವರು ಎರಡೆರಡು ಪಾಟಾ ಹೆಚ್ಚಿಗೆ ಹಾಕಿಸಿದರು. ಕಾರು ಎತ್ತರವಾಗಿ ನಿಂತಿತು. ಊರವರು ಅದನ್ನು ಒಂಟೆ ಎಂದು ಕರೆದರು.

ಆ ವರ್ಷ ಕಾರಿದ್ದ ವ್ಯಾಪಾರಿಗಳು, ವಕೀಲರು ಸೇರಿ ಸಿಂದಗಿಯಿಂದ ಬಸವನ ಬಾಗೇವಾಡಿವರೆಗೆ ಓಟ ಇಟ್ಟುಕೊಂಡರು. ನಾನು ಸಾಲಿ ಮಾಸ್ತರ. ಅಕ್ಷರ ದುಂಡಗಿವೆ ಎಂದು ನಿಯಮ ಬರೆಯುವ ಕೆಲಸ ನನಗೆ ಬಂತು. ದಾರಿಯಲ್ಲಿ ಕೆಟ್ಟ ಗಾಡಿಗೆ ಓಟದ ಹೊರಗಿನವರು ಕೈ ಹಚ್ಚಬಾರದು ಎಂಬುದೂ ಅವುಗಳಲ್ಲಿ ಒಂದು. ಡಾಕ್ಟರಬಾಯಿ ಹೆಸರು ಕೊಟ್ಟ ಮರುದಿನ ಓಟದ ಕಮಿಟಿಯ ಅಧ್ಯಕ್ಷರು ಹೊಸದೊಂದು ನಿಯಮ ಹೇಳಿದರು: ಗಾಡಿ ಕಾರ್ಖಾನೆಯಿಂದ ಬಂದಂತೆಯೇ ಇರಬೇಕು, ಪಾಟಾ ಹೆಚ್ಚುಕಡಿಮೆ ಮಾಡುವಂತಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಬರೆದೆ.

ಓಟದ ಬೆಳಿಗ್ಗೆ ಪಾಟಾ ಎಣಿಸಲು ನನ್ನನ್ನೇ ನಿಲ್ಲಿಸಿದರು. ಡಾಕ್ಟರಬಾಯಿಯ ಹೆಸರು ಹೊಡೆದುಹಾಕಿದೆವು.

"ಹೆಚ್ಚಿಗಿ ಹಾಕ್ಸೇನಿ, ಖರೆ," ಅಂದರು ಅವರು. "ಕಾರ್ಖಾನಿಯವರು ಕನ್ನೊಳ್ಳಿ ರಸ್ತಾ ನೋಡಿಲ್ಲರಿ. ಈಗ ಅಧ್ಯಕ್ಷರ ಗಾಡೀನೂ ಎಣಸ್ರಿ."

ತಿರುವಿನಲ್ಲಿ ಓಲಾಡಬಾರದೆಂದು ಅಧ್ಯಕ್ಷರು ಒಂದು ಪಾಟಾ ತೆಗೆಸಿ ಕಾರನ್ನು ನೆಲಕ್ಕೆ ಇಳಿಸಿದ್ದರು. ಆರು ಇರಬೇಕಾದಲ್ಲಿ ಐದಿದ್ದವು. ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ನಾನು ಆರು ಅಂದೆ.

ಡಾಕ್ಟರಬಾಯಿ ಸೆರಗು ಸಿಕ್ಕಿಸಿ ಮಣ್ಣಿನಲ್ಲಿ ಮೊಳಕಾಲೂರಿದರು. ಬೆರಳಿಟ್ಟು ಎಣಿಸಿ ಎದ್ದರು.

"ಐದು. ಎಣಸಾಕ ಬರದವರು ಸಾಲ್ಯಾಗ ಏನ್ ಕಲಸ್ತೀರಿ, ಮಾಸ್ತರ?"

ತೆಗೆಯುವುದು ಬೇರೆ, ಹಾಕುವುದು ಬೇರೆ ಎಂದು ಅಧ್ಯಕ್ಷರು ವಾದಿಸಿದರು. ಕಾರುಗಳು ಹೊರಟವು. ಡಾಕ್ಟರಬಾಯಿ ತಮ್ಮ ಕಾರಿನ ಬಾಗಿಲು ತೆಗೆದು, ಬಂದು ಕೂಡಲು ನನಗೆ ಹೇಳಿದರು. ರಸ್ತೆ ಸರ್ಕಾರದ್ದು, ಅದರ ಮೇಲೆ ಯಾರ ಅಪ್ಪಣೆಯೂ ಬೇಕಿಲ್ಲ ಅಂದರು. ಕೂತೆ.

ಅಷ್ಟು ಎತ್ತರದಿಂದ ನಾನು ಆ ಹೊಲಗಳನ್ನು ಎಂದೂ ನೋಡಿರಲಿಲ್ಲ... ತಗ್ಗು ಬಂದಲ್ಲೆಲ್ಲ ಉಳಿದವರು ನಿಧಾನಿಸಿದರು, ಅವರು ನಿಧಾನಿಸಲಿಲ್ಲ. ಒಬ್ಬೊಬ್ಬರನ್ನೇ ದಾಟಿದೆವು. ಹೂವಿನ ಹಿಪ್ಪರಗಿಯ ಹಳ್ಳದಲ್ಲಿ ಅಧ್ಯಕ್ಷರ ಕಾರು ಬಂಡೆಯ ಮೇಲೆ ಹೊಟ್ಟೆಯೂರಿ ಕೂತಿತ್ತು. ಕೆಳಗೆ ಎಣ್ಣೆ ಸೋರುತ್ತಿತ್ತು. ಅಧ್ಯಕ್ಷರು ಕೈ ಬೀಸಿದರು. ಡಾಕ್ಟರಬಾಯಿ ನಿಲ್ಲಿಸಿ, ಯಾರಿಗೂ ಪೆಟ್ಟಾಗಿಲ್ಲ ಎಂದು ಖಾತ್ರಿ ಮಾಡಿಕೊಂಡರು.

"ಹೊರಗಿನವರು ಕೈ ಹಚ್ಚಬಾರದು ಅಂತ ನೀವ ಬರಿಸೀರಿ," ಅಂದು ಗೇರು ಹಾಕಿದರು.

ಬಾಗೇವಾಡಿಗೆ ನಾವೇ ಮೊದಲು ಮುಟ್ಟಿದೆವು. ಅಲ್ಲಿ ಸಮಯ ಬರೆದುಕೊಳ್ಳಲು ನಿಂತಿದ್ದ ಕಮಿಟಿಯವರು ಗಡಿಯಾರ ನೋಡಲೇ ಇಲ್ಲ. ಡಾಕ್ಟರಬಾಯಿ ಚಹಾ ಕುಡಿದು, ದವಾಖಾನೆಯಲ್ಲಿ ಜನ ಕಾಯುತ್ತಾರೆಂದು ಕಾರು ತಿರುಗಿಸಿ ಹೊರಟುಹೋದರು. ನಾನು ಅಲ್ಲೇ ಉಳಿದೆ.

ಸಂಜೆ ಕಮಿಟಿಯವರು ಕಾಗದ ಮುಂದಿಟ್ಟರು. ನಿಯಮ ಮುರಿದದ್ದು ಡಾಕ್ಟರಬಾಯಿಯ ಕಾರೊಂದೇ ಎಂದು ಬರೆದು ಸಹಿ ಮಾಡಬೇಕಿತ್ತು. ಅಧ್ಯಕ್ಷರ ಕಾರಿಗೆ ಪಾಟಾ ಐದು, ನಾನು ಹೇಳಿದ್ದು ಸುಳ್ಳು ಎಂದು ಬರೆದೆ. ಅದೇ ದುಂಡಗಿನ ಅಕ್ಷರದಲ್ಲಿ. ಅಧ್ಯಕ್ಷರು ಕಾಗದ ಹರಿದರು. ಇನ್ನೊಂದು ಹಾಳೆ ಕೊಟ್ಟರು, ಅದರ ಮೇಲೂ ಅದನ್ನೇ ಬರೆದೆ.

ತಿಂಗಳೊಳಗೆ ನನಗೆ ಮುದ್ದೇಬಿಹಾಳದ ಕಡೆ ವರ್ಗವಾಯಿತು. ಯಾರು ಮಾಡಿಸಿದರೆಂದು ಕೇಳಲಿಲ್ಲ. ರಜೆಗೆ ಸಿಂದಗಿಗೆ ಬಂದಾಗ ಡಾಕ್ಟರಬಾಯಿಯೂ ಊರು ಬಿಟ್ಟಿದ್ದರು. ಎಲ್ಲಿಗೆ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು... ಬಹಳ ವರ್ಷಗಳ ನಂತರ, ತೀರಿಕೊಂಡರೆಂದು ಕೇಳಿದೆ.

ನನಗೀಗ ಎಂಬತ್ತು ದಾಟಿದೆ. ಆ ಸಂಜೆಯ ಕಾಗದದ ಸುದ್ದಿಯನ್ನು ಕಮಿಟಿಯವರು ಮುಚ್ಚಿಟ್ಟರು, ನಾನೂ ದವಾಖಾನೆಗೆ ಹೋಗಿ ಹೇಳಲಿಲ್ಲ; ಅದು ಅವರಿಗೆ ಮುಟ್ಟಲೇ ಇಲ್ಲ. ಅವರ ಪಾಲಿಗೆ ನಾನು ಕಡೆಯವರೆಗೂ ಐದನ್ನು ಆರು ಅಂದ ಮಾಸ್ತರನಾಗಿಯೇ ಉಳಿದೆ.