ಏಳನೇ ನಂಬರ್ ಬಸ್ಸಿನಿಂದ ಇಳಿದ ಎರಡು ದಿನ

ಇಪ್ಪತ್ತೆರಡು ವರ್ಷ ಏಳನೇ ನಂಬರ್ ಬಸ್ಸಿನಲ್ಲಿ ಟಿಕೆಟ್ ಹರಿದವಳಿಗೆ ಊರಿನ ನಿಲ್ದಾಣಗಳೆಲ್ಲ ಬಾಯಿಪಾಠ. ರೈಲ್ವೆ ಸ್ಟೇಷನ್, ಹಳೇ ಪೋಸ್ಟಾಫೀಸು, ಗಡಿಯಾರ ಗೋಪುರ, ಉಪ್ಪಿನ ಗೋದಾಮು, ಹಳೇ ಗಿರಣಿ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸಾಲಾಗಿ ಒಪ್ಪಿಸುತ್ತಿದ್ದಳು. ಪ್ರಯಾಣಿಕರ ಬಾಯಲ್ಲಿ ಅವಳು ‘ರೈಟಕ್ಕ’. ಅವಳು ಹಿಂದಿನಿಂದ ‘ರೈಟ್’ ಎಂದರೆ ಎಂಥ ಗದ್ದಲದಲ್ಲೂ ಡ್ರೈವರಿಗೆ ಕೇಳಿಸದೆ ಇರುತ್ತಿರಲಿಲ್ಲ.

ಒಂದು ಗುರುವಾರ ಬೆನ್ನಿಗೆ ಚೀಲ ಹಾಕಿಕೊಂಡ ಪರವೂರಿನ ಹೆಂಗಸೊಬ್ಬಳು ಬಸ್ ಹತ್ತಿ, ಗಡಿಯಾರ ಗೋಪುರದ ಮೇಲಿಂದ ಏನೇನು ಕಾಣುತ್ತದೆ ಎಂದು ಕೇಳಿದಳು. ಗೊತ್ತಿಲ್ಲ ಎಂದು ರೈಟಕ್ಕ ಒಪ್ಪಿಕೊಳ್ಳಬೇಕಾಯಿತು. ಗೋಪುರದ ಮುಂದೆ ದಿನಕ್ಕೆ ಹನ್ನೆರಡು ಸಲ ಹಾದು ಹೋಗುವವಳು ಒಮ್ಮೆಯೂ ಅಲ್ಲಿ ಇಳಿದಿರಲಿಲ್ಲ.

“ನೀವೂ ಈ ಊರಿಗೆ ಹೊಸಬರಾ?” ಎಂದು ಆ ಹೆಂಗಸು ಕನಿಕರದಿಂದ ಕೇಳಿದಳು.

ಬೇರೆ ಯಾರಾದರೂ ಆಗಿದ್ದರೆ ಮುಖ ಸಪ್ಪಗಾಗುತ್ತಿತ್ತು. ರೈಟಕ್ಕನಿಗೆ ಮಾತ್ರ ಮೈಯಲ್ಲಿ ಏನೋ ಸಂಚಾರವಾದಂತಾಯಿತು. ನೋಡದ ಊರೊಂದು ಕಾಲಬುಡದಲ್ಲೇ ಬಿದ್ದಿದೆ, ಅದಕ್ಕೆ ರೈಲು ಬೇಡ, ವಿಮಾನ ಬೇಡ, ಎರಡು ದಿನ ರಜೆ ಸಾಕು! ಸಂಜೆ ಡಿಪೋಗೆ ಹೋಗಿ ಶನಿವಾರ, ಭಾನುವಾರಕ್ಕೆ ಅರ್ಜಿ ಕೊಟ್ಟಳು. ಕಾರಣ ಎನ್ನುವ ಜಾಗದಲ್ಲಿ ‘ಪ್ರವಾಸ’ ಎಂದಿತ್ತು. ಎಲ್ಲಿಗೆ ಎಂದು ಮ್ಯಾನೇಜರ್ ಕೇಳಿದರು. ಇಲ್ಲಿಗೇ ಎಂದಳು. ಅವರು ಅವಳನ್ನೂ ಅರ್ಜಿಯನ್ನೂ ಎರಡೆರಡು ಸಲ ನೋಡಿ ಸಹಿ ಹಾಕಿದರು.

ಮನೆಯಲ್ಲಿ ಪಂಪು ರಿಪೇರಿ ಮಾಡುವ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಎಪ್ಪತ್ತೊಂದು ವರ್ಷದ ಅತ್ತೆ ನಗಲಿಲ್ಲ. ಕಿಟಕಿ ಪಕ್ಕದ ಕುರ್ಚಿಯಿಂದಲೇ, “ನಾನೂ ಬರ್ತೀನಿ. ಲಾಡ್ಜಲ್ಲಿ ಉಳಿಯೋದಾದ್ರೆ ಮಾತ್ರ. ರಾತ್ರಿ ಮನೆಗೆ ಬಂದು ಮಲಗೋದಾದ್ರೆ ಅದೆಂಥ ಪ್ರವಾಸ?” ಎಂದರು.

ಅತ್ತೆಯ ಜೊತೆ ಎರಡು ದಿನ ಎಂದಾಗ ರೈಟಕ್ಕನ ಉತ್ಸಾಹ ಒಂದು ಗಳಿಗೆ ಕುಂದಿದ್ದು ಸುಳ್ಳಲ್ಲ. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಬಾಳಿದ್ದರೂ ಇಬ್ಬರ ನಡುವೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಆದರೆ ಶನಿವಾರ ಬೆಳಗ್ಗೆ ಅವಳು ಏಳುವುದರೊಳಗೆ ಅತ್ತೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗಳು ಬಿಟ್ಟುಹೋದ ಹಳದಿ ಟೋಪಿ ತಲೆಯ ಮೇಲಿತ್ತು.

ಹೊರಡುವ ಮುಂಚೆ ಅತ್ತೆಯೇ ಕಟ್ಟಳೆ ಹಾಕಿದರು. ಪರಿಚಯದವರು ಸಿಕ್ಕರೂ ಪರಿಚಯ ತೋರಿಸಬಾರದು. ದಾರಿ ಗೊತ್ತಿದ್ದರೂ ಕೇಳಿಕೊಂಡೇ ಹೋಗಬೇಕು. ಹಾಗಾಗಿ ಏಳನೇ ನಂಬರ್ ಬಸ್ಸಿನಲ್ಲಿ ಆ ದಿನ ಡ್ಯೂಟಿಯಲ್ಲಿದ್ದ ಮೀಸೆ ಕಂಡಕ್ಟರನ ಹತ್ತಿರ ರೈಟಕ್ಕ ಪಾಸ್ ತೋರಿಸದೆ ಟಿಕೆಟ್ ಕೊಂಡಳು. ಗಡಿಯಾರ ಗೋಪುರ ಬಂದಾಗ ದಯವಿಟ್ಟು ತಿಳಿಸಿ ಎಂದಳು. ಅವನ ಮೀಸೆ ಒಂದು ಕಡೆಗೆ ಏರಿ ಹಾಗೇ ನಿಂತಿತು.

ಕಿಟಕಿ ಪಕ್ಕ ಕೂತಾಗಲೇ ಊರು ಬೇರೆಯಾಯಿತು. ಇಷ್ಟು ವರ್ಷ ಅವಳು ಕಂಡಿದ್ದು ಕೈಗಳನ್ನು ಮಾತ್ರ. ಚಿಲ್ಲರೆ ಹಿಡಿದ ಕೈ, ಕಂಬಿ ಹಿಡಿದ ಕೈ, ಮಗುವಿನ ರಟ್ಟೆ ಹಿಡಿದ ಕೈ. ಈಗ ಅಂಗಡಿಗಳ ಮೇಲೆ ಮಹಡಿಗಳಿರುವುದು ಕಂಡಿತು. ಔಷಧಿ ಅಂಗಡಿಯ ಮೇಲೆ ಯಾರೋ ಪಿಟೀಲು ಕಲಿಯುತ್ತಿದ್ದರು. ಪೋಸ್ಟಾಫೀಸಿನ ಸೂರಿನ ಕೆಳಗೆ ಕಲ್ಲಿನ ಪಾರಿವಾಳಗಳ ಸಾಲು, ಅದರ ಮೇಲೆ ನಿಜವಾದ ಪಾರಿವಾಳಗಳ ಸಾಲು. “ಅತ್ತೆ, ಅಲ್ಲಿ ನೋಡಿ,” ಎಂದು ಅವಳು ಎಷ್ಟು ಸಲ ಹೇಳಿದಳೆಂದರೆ ಮುಂದಿನ ಸೀಟಿನವರೂ ತಿರುಗಿ ನೋಡತೊಡಗಿದರು.

ಗೋಪುರಕ್ಕೆ ನೂರಾ ಹದಿನಾಲ್ಕು ಮೆಟ್ಟಿಲು. ಅತ್ತೆ ಪ್ರತಿ ತಿರುವಿನಲ್ಲೂ ಕೂತು, ಎದ್ದು, ಮೊಣಕಾಲನ್ನು ಬೈದುಕೊಂಡು ಹತ್ತಿಯೇಬಿಟ್ಟರು. ಮೇಲೆ ಗಡಿಯಾರಕ್ಕೆ ಕೀ ಕೊಡುವ ಮುದುಕರೊಬ್ಬರು ತಮ್ಮ ದುರ್ಬೀನು ಕೊಟ್ಟರು. ರೈಟಕ್ಕ ರೈಲ್ವೆ ಸ್ಟೇಷನ್ ಹುಡುಕಿದಳು, ಅಲ್ಲಿಂದ ತಮ್ಮ ಬೀದಿ ಹಿಡಿದಳು, ನೀಲಿ ನೀರಿನ ಟ್ಯಾಂಕಿನ ಮೇಲೆ ಕಣ್ಣು ನಿಲ್ಲಿಸಿದಳು. ತಮ್ಮದೇ ತಾರಸಿ. ಅಲ್ಲಿ ಗಂಡ ಬಟ್ಟೆ ಒಣಹಾಕುತ್ತಿದ್ದ. ಆ ಕೆಲಸ ತನಗೆ ಬರುವುದೇ ಇಲ್ಲ ಎಂದು ಮದುವೆಯಾದಂದಿನಿಂದ ಹೇಳಿಕೊಂಡು ಬಂದಿದ್ದವನು!

ಅತ್ತೆ ದುರ್ಬೀನು ಕಿತ್ತುಕೊಂಡು ನೋಡಿದರು. ಆಮೇಲೆ ಫೋನು ಕಿತ್ತುಕೊಂಡು ಮಗನಿಗೆ ಕರೆ ಮಾಡಿದರು.

“ಕೆಂಪು ಟವೆಲ್ ಹಾಗೆ ಮುದುರಿ ಹಾಕಿದ್ರೆ ಒಣಗುತ್ತೇನೋ? ಕೊಡವಿ ಹಾಕು.”

ಅವನು ಮೊದಲು ಹಿಂದೆ ನೋಡಿದ, ನೀರಿನ ಟ್ಯಾಂಕಿನ ಮರೆಯಲ್ಲಿ ಇಣುಕಿದ, ಕೊನೆಗೆ ಆಕಾಶ ನೋಡಿದ. ಆಮೇಲೆ ಟವೆಲ್ ಕೊಡವಿ ಹಾಕಿದ. ಅತ್ತೆ, ಸೊಸೆ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಬ್ಬರೂ ಒಂದೇ ವಿಷಯಕ್ಕೆ, ಒಂದೇ ಹೊತ್ತಿಗೆ ಹೀಗೆ ನಕ್ಕಿದ್ದು ರೈಟಕ್ಕನಿಗೆ ನೆನಪಿರಲಿಲ್ಲ.

ಸಂಜೆ ಉಪ್ಪಿನ ಗೋದಾಮಿನ ಹಿಂದಿನ ಲಾಡ್ಜಿಗೆ ಹೋದರು. ಪುಸ್ತಕದಲ್ಲಿ ಬರೆದ ಅದೇ ಊರಿನ ವಿಳಾಸ ಓದಿದ ಒಡತಿಯ ಮುಖದಲ್ಲಿ ಮರುಕ ಕಾಣಿಸಿತು. ಸಂಸಾರ ಅಂದಮೇಲೆ ಮಾತು ಬರುತ್ತೆ ಹೋಗುತ್ತೆ, ಬೆಳಗ್ಗೆ ಮನೆಗೆ ಹೋಗಿ ರಾಜಿಯಾಗಿಬಿಡಿ ಎಂದು ಮೆಲ್ಲಗೆ ಬುದ್ಧಿ ಹೇಳಿದಳು. ಜೊತೆಯಲ್ಲಿರುವವರು ಯಾರು, ತಾಯಿಯಾ ಎಂದಳು. ಅತ್ತೆ ಎಂದು ತಿಳಿದಾಗ ಪೆನ್ನು ಕೆಳಗಿಟ್ಟಳು.

“ಹಾಗಾದ್ರೆ ನೀವು ಜಗಳ ಆಡಿದ್ದು ಯಾರ ಜೊತೆ?”

ಭಾನುವಾರ ಕೊನೆಯ ನಿಲ್ದಾಣ, ಹಳೇ ಗಿರಣಿ. ಅತ್ತೆ ಅಲ್ಲಿ ಹತ್ತೊಂಬತ್ತು ವರ್ಷ ನೂಲಿನ ಕೆಲಸ ಮಾಡಿದ್ದರು. ಮುಚ್ಚಿ ಮೂವತ್ತು ವರ್ಷವಾಗಿತ್ತು. ಒಳಗಿನ ವಿಷಯ ಕೇಳಿದಾಗಲೆಲ್ಲ, ಸೆಕೆ ಜಾಸ್ತಿ ಇತ್ತು ಎಂದಷ್ಟೇ ಹೇಳಿ ಮುಗಿಸುತ್ತಿದ್ದರು. ಈಗ ಅದು ವಸ್ತುಸಂಗ್ರಹಾಲಯ. ಬಾಗಿಲಲ್ಲಿ ಅತ್ತೆ ಒಂದು ಕ್ಷಣ ನಿಂತರು. ಟೋಪಿ ತೆಗೆದು ಸೊಸೆಯ ಕೈಗೆ ಕೊಟ್ಟು ಒಳಗೆ ನಡೆದರು.

ಗೈಡ್ ಕೆಲಸ ಮಾಡುತ್ತಿದ್ದ ಯುವತಿ ಇಪ್ಪತ್ತು ಜನರನ್ನು ಯಂತ್ರಗಳ ನಡುವೆ ನಿಲ್ಲಿಸಿಕೊಂಡು ವಿವರಿಸುತ್ತಿದ್ದಳು. ಇಲ್ಲಿ ಹೆಂಗಸರು ಹಾಡು ಹೇಳಿಕೊಂಡು ಕೆಲಸ ಮಾಡುತ್ತಿದ್ದರು ಎಂದಳು.

“ಹಾಡೋದಾ?” ಅತ್ತೆ ಹಿಂದಿನಿಂದ ಕೇಳಿದರು. “ಇವೆಲ್ಲ ಓಡೋಕೆ ಶುರುವಾದ್ರೆ ಪಕ್ಕದವಳು ಕಿರುಚಿಕೊಂಡ್ರೂ ಕೇಳ್ತಿರಲಿಲ್ಲ ತಾಯಿ. ನಾವು ತುಟಿಯಲ್ಲಿ ಮಾತಾಡ್ತಿದ್ವಿ.”

ಎಲ್ಲರೂ ತಿರುಗಿದರು. ಯುವತಿ ಕೋಪಿಸಿಕೊಳ್ಳಲಿಲ್ಲ. ದಾರಿ ಬಿಟ್ಟು ಅವರನ್ನು ಮುಂದೆ ಕರೆದಳು. ಅತ್ತೆ ನೂಲು ಸುತ್ತುವ ಕದಿರುಗಳ ಸಾಲಿನ ಮುಂದೆ ನಿಂತು ನೂಲು ಹರಿದರು, ಮತ್ತೆ ಗಂಟು ಹಾಕಿದರು. ಬೆರಳು ಆಡಿದ್ದು ಯಾರಿಗೂ ಕಾಣಲಿಲ್ಲ, ಗಂಟು ಎಲ್ಲಿದೆ ಎನ್ನುವುದೂ ಕಾಣಲಿಲ್ಲ. ಆಮೇಲೆ ಜನರನ್ನು ಉದ್ದನೆಯ ಕೋಣೆಯ ಆ ತುದಿಗೆ ಕಳಿಸಿ, ಸದ್ದಿಲ್ಲದೆ ಏನಾದರೂ ಹೇಳಿ ಎಂದರು. ಒಬ್ಬ ಮನುಷ್ಯ ತುಟಿ ಅಲ್ಲಾಡಿಸಿದ. ಅವನ ಹೆಂಡತಿಯ ಕಡೆ ನೋಡಿ ಅತ್ತೆ, “ನಿಮ್ಮ ಯಜಮಾನ್ರಿಗೆ ಹಸಿವಂತೆ, ಬೇಗ ಹೊರಡೋಣ ಅಂತಿದ್ದಾರೆ,” ಎಂದರು. ಇಡೀ ಕೋಣೆ ಚಪ್ಪಾಳೆಯಿಂದ ತುಂಬಿತು. ರೈಟಕ್ಕ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದಳು.

ತಟ್ಟುತ್ತಿದ್ದ ಕೈ ನಡುವೆಯೇ ನಿಂತಿತು. ಹಿತ್ತಿಲ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಾ ತಾನು ಇಷ್ಟು ವರ್ಷ ಗೊಣಗಿದ್ದೆಲ್ಲ ನೆನಪಾಯಿತು. ಅದರ ಎದುರಿಗೇ ಕಿಟಕಿ. ಕಿಟಕಿಯಲ್ಲಿ ಅತ್ತೆಯ ಕುರ್ಚಿ.

ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಧೈರ್ಯ ಮಾಡಿ ಕೇಳಿದಳು.

“ಅತ್ತೆ, ಎಲ್ಲಾ ಗೊತ್ತಾಗ್ತಿತ್ತಾ?”

“ಒಂದಕ್ಷರ ಬಿಡದೆ.”

“ಮತ್ತೆ ಯಾಕೆ ಒಂದು ದಿನಾನೂ ಕೇಳಲಿಲ್ಲ?”

“ಕೇಳಿದ್ರೆ ನೀನು ಬೆನ್ನು ತಿರುಗಿಸಿ ಬೈತಿದ್ದೆ. ನನಗೆ ಹೊತ್ತು ಹೋಗೋದು ಹೇಗೆ?” ಅತ್ತೆ ಅವಳ ಮೊಣಕಾಲು ತಟ್ಟಿದರು. “ಅರ್ಧಕ್ಕರ್ಧ ನೀನು ಹೇಳಿದ್ದು ಸರಿಯಾಗೇ ಇತ್ತು. ಇನ್ನರ್ಧಕ್ಕೆ ನಾನು ಒಳಗೇ ಉತ್ತರ ಕೊಟ್ಟಿದ್ದೀನಿ.”

ರೈಟಕ್ಕನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆ ಉತ್ತರಗಳನ್ನಾದರೂ ಹೇಳಿ ಎಂದು ಪಟ್ಟು ಹಿಡಿದಳು. ಅತ್ತೆ ಶುರುಮಾಡಿದರು. ಒಂದಾದ ಮೇಲೊಂದು ಮೂರು ಬಸ್ಸು ಅವರ ಮುಂದೆಯೇ ಬಂದು ಹೋದವು, ಇಬ್ಬರೂ ಏಳಲಿಲ್ಲ.

ಅಷ್ಟರಲ್ಲಿ ಗೈಡ್ ಯುವತಿ ತನ್ನ ಮೇಲಿನವರನ್ನು ಕರೆದುಕೊಂಡು ಓಡಿ ಬಂದಳು. ವಾರಕ್ಕೊಂದು ದಿನ ಬಂದು ಜನರಿಗೆ ತೋರಿಸಿಕೊಡುತ್ತೀರಾ ಎಂದು ಕೇಳಿದರು. ಅತ್ತೆ ಯೋಚಿಸಿದಂತೆ ಮಾಡಿ, ಕೂರಲು ಕುರ್ಚಿ ಹಾಕುವುದಾದರೆ ಬರುತ್ತೇನೆ ಎಂದರು. ಹಾಡಿನ ಮಾತು ಬಿಡಬೇಕು ಎಂದೂ ಸೇರಿಸಿದರು.

ಈಗ ಪ್ರತಿ ಶನಿವಾರ ಅತ್ತೆ ಸೊಸೆಯ ಬಸ್ಸಿನಲ್ಲೇ ಗಿರಣಿಗೆ ಹೋಗುತ್ತಾರೆ. ಡ್ರೈವರ್ ಹಿಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂರುತ್ತಾರೆ. ತುಟಿಯ ಮಾತು ರೈಟಕ್ಕನಿಗೂ ಮುಕ್ಕಾಲು ಪಾಲು ಬಂದಿದೆ. ಬಸ್ಸು ಕಿಕ್ಕಿರಿದಿದ್ದರೂ ಇಬ್ಬರೂ ಈ ತುದಿಯಿಂದ ಆ ತುದಿಗೆ ಮಾತಾಡಿಕೊಳ್ಳುತ್ತಾರೆ. ಮೊನ್ನೆ ಅತ್ತೆ ಸದ್ದಿಲ್ಲದೆ, ನಮ್ಮೂರ ನದಿಯ ಆಚೆ ದಡ ಇನ್ನೂ ನೋಡಿಲ್ಲ, ಮುಂದಿನ ತಿಂಗಳು ಎರಡು ದಿನ ರಜೆ ಹಾಕು ಎಂದರು. ರೈಟಕ್ಕ ಟಿಕೆಟ್ ಹರಿಯುತ್ತಲೇ, ಅರ್ಜಿ ಆಗಲೇ ಕೊಟ್ಟಾಯಿತು ಎಂದು ತುಟಿ ಅಲ್ಲಾಡಿಸಿದಳು.